ಅತ್ತೆಯ ಬೆಳಗಿನ ಎಂಜಲು

"ಇವ್ನು ಎಂಎಸ್ಸಿ ಮುಗ್ಸೋದೂ ಒಂದೇ, ನಾನು ಬಾಯಿ ಮುಚ್ಕಂಡು ಕೂರೋದೂ ಒಂದೇ. ಎರಡೂ ಆಗೋ ಮಾತಲ್ಲ!"

ನಂದಿದುರ್ಗ ಚಿನ್ನದ ಗಣಿಯ ಕಾರ್ಮಿಕರ ಸಾಲುಮನೆಗಳ ಲೈನಿಗೆಲ್ಲ ಹೀಗೆ ಸಾರಿದವರು ತಾಯಿಯಿಲ್ಲದ ನನ್ನನ್ನು ಸಾಕಿದ ಸೋದರತ್ತೆಯೇ. ನಮ್ಮ ವಂಶದಲ್ಲಿ ಹತ್ತನೇ ತರಗತಿ ದಾಟಿದವರಿಲ್ಲ. ಆದ್ದರಿಂದ ಮೊದಲನೆಯದು ಅನುಮಾನವೇ. ಎರಡನೆಯದಂತೂ, ಬಿಡಿ! ಅತ್ತೆ ಕನ್ನಡದಲ್ಲಿ ಶುರುಮಾಡಿ, ತೆಲುಗಿನಲ್ಲಿ ಬೈದು, ತಮಿಳಿನಲ್ಲಿ ಮುಗಿಸುವಷ್ಟರಲ್ಲಿ ಕುಕ್ಕರ್ ನಾಲ್ಕು ಸಲ ಕೂಗಿರುತ್ತದೆ.

ಬೆಳಗ್ಗೆ ಎದ್ದ ಐದು ನಿಮಿಷ ಮಾತ್ರ ಮೌನ. ಬಾಯಿ ಮುಕ್ಕಳಿಸುವ ಮುಂಚೆ ಮನೆಯವರ ಮೊಡವೆ, ತರಚುಗಾಯಕ್ಕೆಲ್ಲ ಎಂಜಲು ಹಚ್ಚಬೇಕಲ್ಲ! ಮಾತಾಡಿದರೆ ಸತ್ವ ಹೋಗುತ್ತದಂತೆ.

ಮೈಕ್ರೋಬಯಾಲಜಿ ಓದುವಾಗ ನನಗೆ ಗೊತ್ತಾಯಿತು: ಎಂಜಲಿನಲ್ಲಿ ಪೆಪ್ಟೈಡ್ ಎಂಬ ಪುಟ್ಟ ಪ್ರೋಟೀನು ತುಣುಕುಗಳಿವೆ. ಬ್ಯಾಕ್ಟೀರಿಯಾದ ಪೊರೆಗೆ ಅಂಟಿ, ತೂತು ಕೊರೆದು, ಒಳಗಿನದ್ದೆಲ್ಲ ಸೋರಿಸಿ ಕೊಲ್ಲುತ್ತವೆ.

"ನಿಮ್ಮಾವ ಗಣೀಲಿ ಬಂಡೆ ಕೊರೀತಿದ್ದಂಗೆ! ಇದಕ್ಕಾ ಕಾಲೇಜು? ನನ್ನ ಕೇಳಿದ್ರೆ ಏಳ್ತಿರ್ಲಿಲ್ವಾ?" ಎಂದರು ಅತ್ತೆ, ನಾನಿದನ್ನು ವಿವರಿಸಿದಾಗ.

ಅದನ್ನೇ ಪ್ರಾಜೆಕ್ಟ್ ಮಾಡಿಕೊಂಡೆ. ಒಂದು ಚಮಚ ಬೆಳಗಿನ ಎಂಜಲು ಬೇಕೆಂದು ಸೀಸೆ ಕೊಟ್ಟೆ. ನೋಡಿದರೆ ಸೀಸೆ ಭರ್ತಿ!

"ನನ್ನೊಂದು ಬಾಯಿ ಏನ್ ಸಾಕಾಯ್ತದೆ? ಲೈನಿನ ಎಂಗಸ್ರನ್ನೆಲ್ಲ ಎಬ್ಸಿ ತುಂಬ್ಸಿದೀನಿ."

ಮದುವೆಮನೆಗೆ ಮೊಸರು ಕೂಡಿಸಿದ ಹಾಗೆ! ಹತ್ತು ಬಾಯಿ ಬೆರೆತದ್ದನ್ನು ಯಾವ ಪರೀಕ್ಷೆಗೆ ಇಡಲಿ? ವರದಿ ಒಪ್ಪಿಸಲು ಉಳಿದದ್ದು ಮೂರೇ ದಿನ. ಪ್ರಾಜೆಕ್ಟ್ ಇಲ್ಲವೆಂದರೆ ಡಿಗ್ರಿಯೂ ಇಲ್ಲ. "ನಿನ್ನೊಬ್ಬಳದೇ ಬೇಕಿತ್ತು! ನೀನು ಹೇಳಿದ್ದೇ ನಿಜವಾಯ್ತು ಬಿಡು, ಅತ್ತೆ!" ಎಂದು ರೇಗಿ ಕಾಲೇಜಿರುವ ಬಂಗಾರಪೇಟೆಗೆ, ಗೆಳೆಯನ ರೂಮಿಗೆ ಹೊರಟುಬಿಟ್ಟೆ. ನಿದ್ದೆ ಎಲ್ಲಿಂದ ಬರಬೇಕು!

ಬೆಳಗ್ಗೆ ಲ್ಯಾಬಿನ ಬಾಗಿಲು ತೆಗೆಯುವಷ್ಟರಲ್ಲಿ ಆಟೋದವನೊಬ್ಬ ಅತ್ತೆಯ ಕೈಹಿಡಿದು ಕರೆತಂದ.

"ಈ ಮೂಗಮ್ಮ ನಿಮ್ಮೋರಾ ಸಾರ್? ನಿಮ್ಮ ಹಳೇ ಐಡಿ ಕಾರ್ಡ್ ತೋರ್ಸಿ ಕೈಸನ್ನೆ ಮಾಡುದ್ರು. ಪಾಪ ಅಂತ ಬಾಡಿಗೆ ತಗಂಡಿಲ್ಲ."

ಅತ್ತೆಯ ಕಣ್ಣು ಕೆಂಡವಾಯಿತು. ತುಟಿ ಮಾತ್ರ ಬಿಚ್ಚಲಿಲ್ಲ! ಎದ್ದಾಗಿನಿಂದ ಬಾಯಿ ಮುಕ್ಕಳಿಸದೆ, ಬಸ್ಸಿನಲ್ಲಿ ಯಾರೊಂದಿಗೂ ಜಗಳವಾಡದೆ ಬಂದಿದ್ದರು. ಸೀಸೆಗೆ ಉಗಿದು, ಸೆರಗಿನಿಂದ ಬಾಯಿ ಒರೆಸಿಕೊಂಡ ಮೇಲೆಯೇ ಮೊದಲ ಮಾತು:

"ಯಾವನ್ಲಾ ಅವ್ನು, ನನ್ನ ಮೂಗಿ ಅಂದೋನು?"

ಆಟೋ ಅಷ್ಟರಲ್ಲಿ ಸ್ಟೇಷನ್ ದಾಟಿತ್ತು.

ಮರುದಿನ ನೋಡಿದರೆ, ಬ್ಯಾಕ್ಟೀರಿಯಾ ಬೆಳೆದ ತಟ್ಟೆಯಲ್ಲಿ ಅತ್ತೆಯ ಎಂಜಲಿಟ್ಟ ಜಾಗದ ಸುತ್ತ ತೊಗರಿಕಾಳಿನಷ್ಟು ಬಯಲು; ಅಲ್ಲಿದ್ದ ಬ್ಯಾಕ್ಟೀರಿಯಾ ಎಲ್ಲ ಸತ್ತಿದ್ದವು. ನಾನು ಪಾಸಾದೆ.

ಸರ್ಟಿಫಿಕೇಟನ್ನು ಅತ್ತೆಯ ಕೈಗೇ ಕೊಟ್ಟೆ. ಅವರು ನನ್ನ ಹೆಸರಿರಬಹುದಾದ ಕಡೆಯೆಲ್ಲ ಬೆರಳಾಡಿಸಿದರು. ಮಾತೇ ಇಲ್ಲ. ನನಗೆ ಗಾಬರಿಯಾಯಿತು.

"ಏನಾದ್ರೂ ಹೇಳು, ಅತ್ತೆ."

"ನಿಂಗೆ ಅಲ್ಲು ಬರೋಕ್ಮುಂಚೆ ಅನ್ನ ಅಗ್ದು ತಿನ್ನಿಸ್ತಿದ್ದೆ ಕಣ್ಲಾ. ಎಂಜ್ಲು ತಿನ್ಸಿ ತಬ್ಬಲಿ ಮಗೀನ ಕೆಡಿಸ್ತಾಳೆ ಅಂತಿದ್ರು ಎಲ್ರೂ." ಕಾಗದ ಒದ್ದೆಯಾಗದಂತೆ ದೂರ ಹಿಡಿದರು. "ಕೆಡಿಸಿಲ್ಲ ಅಲ್ವೇನ್ಲಾ?"