ರಂಗೋಲಿಯ ನಾಲ್ಕು ನಲ್ಲಿಗಳು

ಶಾಮಲಮ್ಮ ಬಾಗಿಲಿಗೆ ಅರ್ಧ ಚೊಂಬು ನೀರು ಚಿಮುಕಿಸಿ, ರಂಗೋಲಿಯ ಒಂಬತ್ತನೇ ಚುಕ್ಕಿ ಇಡುವಷ್ಟರಲ್ಲಿ ಕಣ್ಣೆದುರಿಗೆ ಒಂದು ಜೊತೆ ಬೂಟು ಬಂದು ನಿಂತಿತು.

ಬೂಟಿನ ಒಡೆಯ ಚನ್ನರಾಯಪ್ಪ. ಮುಳಬಾಗಿಲಿನ ಬೀದಿಗಳನ್ನು ಸುಧಾರಿಸಲು ಆ ವರ್ಷ ಬಂದಿದ್ದ ಯಾವುದೋ ಯೋಜನೆಯ ಮೇಲ್ವಿಚಾರಕ.

"ನಿಲ್ಲಿಸಿ ತಾಯಿ! ಅಲ್ಲ, ನಿಲ್ಲಿಸ್ಬೇಡಿ. ದೊಡ್ಡದಾಗಿ ಹಾಕಿ, ಬೀದಿ ತುಂಬ. ಇನ್ಮೇಲೆ ಬೀದಿ ನಕ್ಷೆ ಆಫೀಸಲ್ಲಿ ಬರೆಯೋ ಹಾಗಿಲ್ಲ, ಬೀದಿಯೋರೇ ರಂಗೋಲೀಲಿ ಬಿಡಿಸ್ಬೇಕು. ಹೇಗಿದೆಯೋ ಹಾಗೆ. ಮೂರು ಗಂಟೆಗೆ ದೊಡ್ಡ ಸಾಹೇಬ್ರು ಬರ್ತಾರೆ, ಜೊತೇಲಿ ಫಾರಿನ್ನೋರು ಇಬ್ಬರು. ಒಂದೇ ಒಂದು ನಲ್ಲಿ ಮಂಜೂರಾಗಿದೆ. ನಿಮ್ಮ ಬೀದಿಗೋ, ಹಿಂದಿನ ಬೀದಿಗೋ, ಇವತ್ತೇ ತೀರ್ಮಾನ."

ಹೊರಟವರು ತಿರುಗಿ ಬಂದರು. "ಅವರ ಮುಂದೆ ಯಾರೂ ಬಾಯಿ ಬಿಡ್ಬೇಡಿ. ಹೋದ್ಸಲ ಬೇರೊಂದು ಬೀದೀಲಿ ಹೆಂಗಸ್ರು ಬಿಟ್ಟ ಬಾಯಿ ಜೀಪು ಹೋದ ಮೇಲೂ ಮುಚ್ಚಲಿಲ್ಲ. ನಕ್ಷೆನೇ ಮಾತಾಡ್ಲಿ."

ನಲ್ಲಿ! ನಂಗಲಿ ರಸ್ತೆಯ ಬೋರ್‌ವೆಲ್ಲಿನಿಂದ ಆರು ವರ್ಷ ಬಿಂದಿಗೆ ಹೊತ್ತು ಶಾಮಲಮ್ಮನ ಸೊಂಟ ಒಂದು ಕಡೆಗೆ ವಾಲಿತ್ತು. ನಡೆದರೆ ಕೀಲು ಸಡಿಲವಾದ ಗಾಡಿಯ ಹಾಗೆ ಕಾಣುತ್ತಿದ್ದಳು. ಬಿಂದಿಗೆಗಳನ್ನು ಮೂಲೆಗಿಟ್ಟು ಕೂತಳು. ಮುರಿದ ಚರಂಡಿ ಬಿಡಿಸಿದಳು. ಮೂಲೆಯ ತಿಪ್ಪೆ ಬಿಡಿಸಿದಳು. ಅಷ್ಟರಲ್ಲಿ ಪಕ್ಕದ ಮನೆಯ ಭಾರತಮ್ಮ ಬಂದರು.

"ಏಮೇ ಶಾಮಲಾ, ಫಾರಿನ್ನೋರ ಮುಂದೆ ತಿಪ್ಪೆ ಇಡ್ತೀಯೇನೇ? ಹೆಣ್ಣು ನೋಡೋಕೆ ಬಂದೋರಿಗೆ ಹರಕಲು ಚಾಪೆ ಹಾಸ್ತೀವಾ?"

"ಹೇಗಿದೆಯೋ ಹಾಗೆ ಅಂದ್ರಲ್ಲ ಅಕ್ಕ?"

"ಅಂತಾರೆ! 'ಏನೂ ಮಾಡ್ಬೇಡಿ, ಸುಮ್ನೆ ಬಂದು ಹೋಗ್ತೀವಿ' ಅನ್ನೋ ನೆಂಟರಿಗೆ ಬರೀ ಮಜ್ಜಿಗೆ ಕೊಟ್ಟು ಕಳಿಸ್ತೀವೇನೇ?"

ತಿಪ್ಪೆಯ ಮೇಲೆ ಗುಲಾಬಿ ಪುಡಿ ಬಿದ್ದು ಹೂದೋಟವಾಯಿತು. ಚರಂಡಿಗೆ ಚಪ್ಪಡಿ ಬಂತು. ಶಾಮಲಮ್ಮ ತನ್ನ ಬಾಗಿಲ ಮುಂದೆ ನೀಲಿ ನಲ್ಲಿಯೊಂದನ್ನು ಬಿಡಿಸಿದಳು.

"ಓಹೋ, ನಿನ್ನ ಬಾಗಿಲಿಗೇ?" ಭಾರತಮ್ಮ ಕಾಲಲ್ಲಿ ಒರೆಸಿ ತಮ್ಮ ಬಾಗಿಲಿಗೆ ಎಳೆದರು. ಎದುರು ಮನೆಯ ರಾಧಮ್ಮ ಪೊರಕೆ ಹಿಡಿದೇ ಓಡಿ ಬಂದರು. ಜಗಳ ಕಾದು ಕುದಿದು, ಕೊನೆಗೆ ಮನೆಗೊಂದು ನಲ್ಲಿ ಎಂದು ರಾಜಿಯಾಯಿತು. "ಮೂರು ಬೇಡಮ್ಮ, ಅಶುಭ" ಎಂದು ರಾಧಮ್ಮ ಮೂಲೆಯಲ್ಲಿ ನಾಲ್ಕನೆಯದನ್ನೂ ಇಟ್ಟರು.

ಬಿಡಿಸಿದ್ದು ಸುಲಭ, ಕಾಯುವುದು ಕಷ್ಟ. ಭಾರತಮ್ಮನ ಕೋಳಿ ಹೂದೋಟ ಕೆದಕಿತು. ಹಾಲಿನ ಕದಿರಪ್ಪ ಬೈಗುಳಕ್ಕೆ ಹೆದರಿ ಸೈಕಲ್ಲನ್ನೇ ತಲೆಯ ಮೇಲೆ ಹೊತ್ತು, ಮದುವೆಮನೆಗೆ ನುಗ್ಗಿದ ಕಳ್ಳನಂತೆ ಗೋಡೆ ಸವರಿಕೊಂಡು ಹೋದ. ಗಾಳಿ ಎದ್ದಿತು, ಪುಡಿ ಹಾರದಿರಲೆಂದು ಮನೆಯಲ್ಲಿದ್ದ ಕೊನೆಯ ಬಿಂದಿಗೆಯ ನೀರನ್ನು ಶಾಮಲಮ್ಮ ಬೊಗಸೆ ಬೊಗಸೆಯಾಗಿ ಚಿಮುಕಿಸಿದಳು. ಬೋರ್‌ವೆಲ್ಲಿಗೆ ಹೋಗಿ ಬರೋಣವೆಂದರೆ ಯಾರ ಮೇಲೂ ಯಾರಿಗೂ ನಂಬಿಕೆಯಿಲ್ಲ. ಬೆನ್ನು ತಿರುಗಿಸಿದರೆ ನಲ್ಲಿ ಯಾರ ಬಾಗಿಲಿಗೆ ಜಾರುತ್ತದೋ!

"ಅಮ್ಮಾ," ಎಂದಳು ಎರಡನೇ ಕ್ಲಾಸಿನ ಮಗಳು ಶೋಭಾ.

"ಶ್! ಬಾಯಿ ಬಿಡ್ಬಾರ್ದು ಅಂದಿಲ್ವಾ ಕಂದ?"

ಮೂರಕ್ಕೆ ಜೀಪು ಬಂತು. ಫಾರಿನ್ನವರು ಮಂಡಿಯೂರಿ ಫೋಟೋ ತೆಗೆದರು. ಸಾಹೇಬರು ಸುತ್ತಲೂ ನಡೆದು ಬೆರಳು ಮಡಿಸುತ್ತ ಏನನ್ನೋ ಎಣಿಸಿ, ಇಂಗ್ಲಿಷಿನಲ್ಲಿ ಉದ್ದಕ್ಕೆ ಹೇಳಿದರು. ಫಾರಿನ್ನವರು ಚಪ್ಪಾಳೆ ತಟ್ಟಿದರು. ತುಟಿ ಬಿಗಿದು ನಿಂತಿದ್ದ ಹೆಂಗಸರೂ ತಟ್ಟಿದರು. ಜೀಪು ಹಿಂದಿನ ಬೀದಿಗೆ ಹೋಯಿತು.

ಅರ್ಧ ಗಂಟೆಯ ಮೇಲೆ ಚನ್ನರಾಯಪ್ಪ ಒಬ್ಬರೇ ನಡೆದು ಬಂದರು. ಮುಖ ಸುಟ್ಟ ಬದನೆಕಾಯಿಯಂತಿತ್ತು.

"ನಲ್ಲಿ ಹಿಂದಿನ ಬೀದಿಗಾಯ್ತು. ಅವರಿಗೆ ಪುಡಿ ಸಿಕ್ಕಿಲ್ಲ, ಏನೂ ಬಿಡಿಸಿಲ್ಲ. ಬರೀ ನೆಲ ನೋಡಿ ಸಾಹೇಬ್ರ ಕಣ್ಣಲ್ಲಿ ನೀರು ಬಂತು."

"ನಮ್ಮದು?" ಭಾರತಮ್ಮ ಕಿರುಚಿದರು.

"ನಾಲ್ಕು ನಲ್ಲಿ ಇರೋ ಬೀದಿಗೆ ಐದನೇದು ಯಾತಕ್ಕೆ ಅಂದ್ರು. 'ಬೆಳಗ್ಗಿಂದ ಬಿಂದಿಗೆ ಹೊತ್ತ ಒಬ್ಬ ಹೆಂಗಸನ್ನಾದ್ರೂ ನೋಡಿದ್ಯೇನಯ್ಯ' ಅಂತ ಕೇಳಿದ್ರು. ಇಲ್ಲ ಅಂದೆ. ನಿಜ ತಾನೆ?"

"ನಕ್ಷೆ ಸುಳ್ಳು ಅಂತ ಹೇಳ್ಬಾರ್ದಾಗಿತ್ತಾ ಸ್ವಾಮಿ?" ಎಂದರು ರಾಧಮ್ಮ.

"ಫೋಟೋ ತೆಗೆದಾಗಿತ್ತಲ್ಲ ತಾಯಿ. ಸುಳ್ಳು ಅಂದ್ರೆ ನನ್ನ ಕೆಲಸ ಹೋಗುತ್ತೆ. ನಿಮ್ಮದೀಗ ಮಾದರಿ ಬೀದಿ. ಸೋಮವಾರ ಮಾಲೂರು, ಶ್ರೀನಿವಾಸಪುರದಿಂದ ಎರಡು ಬಸ್ ಜನ ನೋಡೋಕೆ ಬರ್ತಾರೆ. ಬಿಸಿಲಲ್ಲಿ ಬಂದಿರ್ತಾರೆ, ಎಲ್ಲರಿಗೂ ಕುಡಿಯೋಕೆ ನೀರು ಎತ್ತಿಟ್ಟಿರಿ."

ಭಾರತಮ್ಮ ರಾಧಮ್ಮನನ್ನು ನೋಡಿದರು, ರಾಧಮ್ಮ ಕೋಳಿಯನ್ನು ನೋಡಿದರು. ಶಾಮಲಮ್ಮ ಖಾಲಿ ಬಿಂದಿಗೆಯನ್ನು ಸೊಂಟಕ್ಕೇರಿಸಿ, ಇನ್ನೊಂದು ಕೈಯಲ್ಲಿ ಮಗಳ ಕೈ ಹಿಡಿದು ನಂಗಲಿ ರಸ್ತೆಯ ಕಡೆ ವಾಲುತ್ತ ಹೊರಟಳು.

ಶೋಭಾ ನಾಲ್ಕು ಹೆಜ್ಜೆ ನಡೆದಳು. ಆಮೇಲೆ ತಡೆಯಲಾಗಲಿಲ್ಲ.

"ಅಮ್ಮಾ, ಸಾಹೇಬ್ರಿಗೆ ಕನ್ನಡ ಬರುತ್ತಲ್ವಾ? ನಮಗೆ ನೀರಿಲ್ಲ ಅಂತ ಯಾರೂ ಬಾಯಲ್ಲಿ ಯಾಕೆ ಹೇಳ್ಲಿಲ್ಲ?"