ತೋಳದ ಕಣ್ಣಿಗೆ ಮಸಿ

ಕಾಫಿ ಆರಿದ್ದರೆ ನನಗೆ ಸಿಟ್ಟು ಬರುತ್ತದೆ; ಬಿಸಿ ಹೆಚ್ಚಾಗಿ ನಾಲಿಗೆ ಸುಟ್ಟರೆ ಇನ್ನೂ ಸಿಟ್ಟು. ಇದನ್ನು ನಾನು ಮುಚ್ಚಿಟ್ಟರೂ ನನ್ನ ಹೆಂಡತಿ ಮುಚ್ಚಿಡುವವಳಲ್ಲ. ಆದರೆ ತೊಂಬತ್ತರ ದಶಕದಲ್ಲಿ, ಸಿಂಧಘಟ್ಟದ ಹತ್ತಿರದ ಹಳ್ಳಿಯೊಂದರಲ್ಲಿ ಮೇಷ್ಟ್ರಾಗಿದ್ದಾಗ ನನಗೆ ಬಂದ ಸಿಟ್ಟು ನ್ಯಾಯವಾದದ್ದೆಂದೇ ಇಂದಿಗೂ ನಂಬಿದ್ದೇನೆ. ಅರ್ಧದವರೆಗೆ.

ಆ ವರ್ಷ ಶಾಲೆಗೆ ಒಂದು ಕಟ್ಟು ಕಥೆಪುಸ್ತಕ ಬಂತು. ಅಜ್ಜಿಯರು ಹೇಳುವ ಹಳೆಯ ಕಥೆಗಳೇ, ಆದರೆ ಪುಟಪುಟಕ್ಕೂ ಬಣ್ಣದ ಚಿತ್ರ. ನಾನು ಓದುವ ಕಾಲದಲ್ಲಿ ಸಿಂಹ ಯಾವುದು, ಕತ್ತೆ ಯಾವುದು ಎಂಬುದನ್ನು ಕೆಳಗೆ ಬರೆದ ಹೆಸರು ನೋಡಿಯೇ ತಿಳಿಯಬೇಕಿತ್ತು. ಇಲ್ಲಿ ಮೊಸಳೆಯ ಹಲ್ಲು ಎಣಿಸಬಹುದಿತ್ತು. ಹೆಡ್‌ಮಾಸ್ಟರು ಅಷ್ಟನ್ನೂ ಬೀರುವಿನಲ್ಲಿಟ್ಟು ಬೀಗ ಹಾಕಿದರು. ಮೂರು ತಿಂಗಳಾದರೂ ತೆಗೆಯಲಿಲ್ಲ.

"ಐಕ್ಳು ಕೈಗೆ ಕೊಟ್ರೆ ಅರ್ದಾಕ್ತವೆ ಮೇಷ್ಟ್ರೇ. ಇನ್‌ಸ್ಪೆಕ್ಟ್ರು ಬಂದಾಗ ತೋರ್ಸೋಕಿರ್ಲಿ ಬುಡಿ."

"ಇನ್‌ಸ್ಪೆಕ್ಟ್ರು ಮೊಸಳೆ ನೋಡಿಲ್ವೇನ್ರೀ? ಗೆದ್ದಲಿಗೆ ಕೊಟ್ರೂ ಕೊಡ್ತೀರಿ, ಮಕ್ಕಳಿಗೆ ಕೊಡಲ್ಲ ಅಂತೀರಲ್ಲ" ಎಂದು ನಾನು ಕೂಗಾಡಿದೆ. ರಸ್ತೆಯಲ್ಲಿ ಎಮ್ಮೆ ಹೊಡೆದುಕೊಂಡು ಹೋಗುತ್ತಿದ್ದ ಮುದುಕರೊಬ್ಬರು ಜಗಳ ನೋಡಲು ನಿಂತರು, ಎಮ್ಮೆಯೂ ನಿಂತಿತು. ಹೆಡ್‌ಮಾಸ್ಟರು ಬೀಗದ ಕೈಯನ್ನು ಮೇಜಿನ ಮೇಲೆ ನನ್ನತ್ತ ತಳ್ಳಿದರು. "ತಗಳಿ. ಒಂದು ಆಳೆ ಕೆಟ್ರೂ ನೀವೇ ಜವಾಬ್ದಾರಿ."

ಮೂರನೇ ಕ್ಲಾಸಿನ ಮಕ್ಕಳಿಗೆ ಪುಸ್ತಕ ಹಂಚಿದೆ. ಅರ್ಧ ಗಂಟೆ ಒಂದು ಪಿಸುಮಾತೂ ಇಲ್ಲ. ನನ್ನೆದೆ ಉಬ್ಬಿತು. ಹೆಡ್‌ಮಾಸ್ಟರನ್ನು ಕರೆದು ತೋರಿಸೋಣವೆಂದು ಎದ್ದವನು, ಮಂಜುಳ ಎಂಬ ಹುಡುಗಿಯ ಹಿಂದೆ ನಿಂತುಬಿಟ್ಟೆ. ಕುರಿಮರಿಯ ಮುಂದೆ ಬಾಯಿ ತೆರೆದು ನಿಂತ ತೋಳದ ಎರಡೂ ಕಣ್ಣಿಗೆ ಅವಳು ಪೆನ್ನಿನಿಂದ ಗೀಚಿ ಗೀಚಿ ಹಾಳೆಯನ್ನೇ ತೂತು ಮಾಡಿದ್ದಳು.

ಪುಸ್ತಕ ಕಿತ್ತುಕೊಂಡೆ. ಕಿವಿ ಹಿಂಡಿದೆ. "ಇದಕ್ಕೇನೇ ನಿಂಗೆ ಪುಸ್ತಕ ಕೊಟ್ಟಿದ್ದು?"

ಅವಳು ಅಳಲಿಲ್ಲ. "ತೋಳ ನೋಡ್ತಿತ್ತು ಸಾ. ಕಣ್ ಕಾಣ್ದಂಗೆ ಮಾಡ್ಬುಟ್ರೆ ಮರಿ ಓಡೋಯ್ತದೆ ಅಂತ ಮಾಡ್ದೆ."

ಕಿವಿ ಬಿಟ್ಟೆ. ಕೆಂಪಾಗಿತ್ತು. ಇಷ್ಟು ವರ್ಷ ಈ ಕಥೆ ಓದಿದ್ದೆ, ಹೇಳಿದ್ದೆ. ಆ ಮರಿಯನ್ನು ಉಳಿಸಬೇಕೆಂದು ಒಮ್ಮೆಯೂ ನನಗೆ ತೋಚಿರಲಿಲ್ಲ.

ಗಲಾಟೆ ಕೇಳಿ ಬಂದ ಹೆಡ್‌ಮಾಸ್ಟರು ಹಾಳೆಯ ತೂತು ನೋಡಿದರು, ಹುಡುಗಿಯ ಕಿವಿ ನೋಡಿದರು. "ನಾನು ಬೀರುಗೆ ಬೀಗ ಆಕಿದ್ದೆ ಅಷ್ಟೆಯ ಮೇಷ್ಟ್ರೇ" ಎಂದು ಹೊರಟುಹೋದರು. ಅವರು ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

ಮರುದಿನ ಅದೇ ಪುಸ್ತಕವನ್ನು ಮಂಜುಳಳ ಮುಂದೆ ಹಿಡಿದೆ. ಅವಳು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು. "ಬ್ಯಾಡ ಸಾ. ನೀವೇ ಓದ್ಕಳಿ."

ಬೇರೆ ದಾರಿಯಿಲ್ಲದೆ ನೆಲದ ಮೇಲೆ ಕೂತು ಓದತೊಡಗಿದೆ. ಅವಳು ದೂರದಿಂದಲೇ ಕತ್ತು ಚಾಚಿ ಚಿತ್ರ ನೋಡುತ್ತಿದ್ದಳು. ಪುಟ ತಿರುಗಿಸಲು ನಾನು ಕೈಯೆತ್ತಿದಾಗ ಮಾತ್ರ ಅವಳ ಕೈ ಕಿವಿಗೆ ಹೋಗುತ್ತಿತ್ತು. ಉಳಿದ ಪುಟಗಳನ್ನು ನಾನು ತಿರುಗಿಸಿದಷ್ಟು ಮೆಲ್ಲಗೆ ಯಾವ ಹೆಡ್‌ಮಾಸ್ಟರೂ ತಿರುಗಿಸಿರಲಾರರು.