ಕುತ್ತಿಗೆಯ ಮೆಷಿನ್ನೂ ಅಕ್ಕನ ಕರಿಮಣಿಯೂ

ನಾನು ಕೆಲಸ ಮಾಡುವ ಸ್ಕಿನ್ ಕ್ಲಿನಿಕ್‌ನಲ್ಲಿ ನಗು ಬರುವಂಥದ್ದೇನೂ ಆಗಬಾರದು. ನಕ್ಕರೆ ಮುಖಕ್ಕೆ ಗೆರೆ ಬೀಳುತ್ತದೆ, ಆ ಗೆರೆ ತೆಗೆಸಲೆಂದೇ ಜನ ನಮ್ಮಲ್ಲಿಗೆ ಬರುವುದು. ಆದರೂ ವಾರಕ್ಕೊಂದು ಪ್ರಸಂಗ ಆಗಿಯೇ ಆಗುತ್ತದೆ. ನಾನು ಮಾಸ್ಕ್ ಹಾಕಿಕೊಳ್ಳುವುದು ಶುಚಿಗೆಂದು ಎಲ್ಲರೂ ತಿಳಿದಿದ್ದಾರೆ. ನಿಜವಾಗಿ ಅದು ನನ್ನ ಬಾಯಿ ಕಾಣದಿರಲಿ ಎಂದು.

ಭಾಂಡುಪ್ ಸ್ಟೇಷನ್ನಿನ ಹತ್ತಿರ, ಖಾರ ತಿಂಡಿ ಮಾರುವ ಫರಸಾಣ್ ಅಂಗಡಿಯ ಮೇಲಿನ ಮಾಳಿಗೆಯಲ್ಲಿದೆ ನಮ್ಮ ಕ್ಲಿನಿಕ್. ಡಾಕ್ಟರು ಮರಾಠಿಯವರು. ಕುತ್ತಿಗೆಯ ಸುಕ್ಕಿಗೂ ಜೋತುಬಿದ್ದ ಚರ್ಮಕ್ಕೂ ಬಿಸಿ ಕೊಡುವ ಆರ್‌ಎಫ್ ಮೆಷಿನ್ ನಡೆಸುವುದು ನನ್ನ ಕೆಲಸ. ಕತ್ತಿ ಇಲ್ಲ, ಹೊಲಿಗೆ ಇಲ್ಲ. ಜೆಲ್ ಹಚ್ಚಿ ಅದರ ಮೇಲೆ ಮೆಷಿನ್ನಿನ ಹಿಡಿಕೆಯನ್ನು ನಿಧಾನವಾಗಿ ಆಡಿಸಿದರೆ ಚರ್ಮದ ಒಳಗೆ ಬಿಸಿ ಏರುತ್ತದೆ. ಕೆಲವು ವಾರ ಬಿಟ್ಟು ಮತ್ತೆ, ಇನ್ನೂ ಕೆಲವು ವಾರ ಬಿಟ್ಟು ಮತ್ತೆ. ತಿಂಗಳುಗಳ ಮೇಲೆ ಚರ್ಮ ಸ್ವಲ್ಪ ಬಿಗಿಯಾಗುತ್ತದೆ. ‘ಸ್ವಲ್ಪ’ ಎನ್ನುವುದನ್ನು ಡಾಕ್ಟರು ಒತ್ತಿ ಹೇಳುತ್ತಾರೆ. ಬಂದವರಲ್ಲಿ ಒಬ್ಬರಿಗಾದರೂ ಆ ಮಾತು ಕಿವಿಗೆ ಬಿದ್ದದ್ದನ್ನು ನಾನು ಕಂಡಿಲ್ಲ.

ಜ್ವರ ಉಂಟಾ?

ನನ್ನ ಪ್ರಸಂಗಗಳಲ್ಲಿ ಹೆಚ್ಚಿನವು ಒಬ್ಬರೇ ಅಕ್ಕನ ಕೊಡುಗೆ. ನಮ್ಮದೇ ಬಿಲ್ಡಿಂಗಿನವರು, ಉಡುಪಿ ಕಡೆಯವರು. ಯಜಮಾನರದ್ದು ಫೋರ್ಟ್‌ನಲ್ಲಿ ಹೋಟೆಲು. ಮಗಳ ನಿಶ್ಚಿತಾರ್ಥ ಮುಗಿದ ಮರುವಾರ ಅಕ್ಕ ಮುಖ ಸಣ್ಣದು ಮಾಡಿಕೊಂಡು ಕ್ಲಿನಿಕ್‌ಗೆ ಬಂದು, ನನ್ನನ್ನು ಮೂಲೆಗೆ ಎಳೆದು, ಫೋನಿನಲ್ಲಿ ಒಂದು ಫೋಟೋ ತೋರಿಸಿದರು.

"ಇದು ನಾನು. ಇದು ಬೀಗಿತ್ತಿ. ನನಗಿಂತ ದೊಡ್ಡವರು ಗೊತ್ತುಂಟಾ? ಅವರ ಕುತ್ತಿಗೆ ನೋಡು, ಮದುಮಗಳದ್ದೇ ಅನ್ನಬೇಕು!"

ನೋಡಿದೆ. ವರನ ತಾಯಿಯ ಕುತ್ತಿಗೆ ಇಸ್ತ್ರಿ ಮಾಡಿದ ಹಾಗಿತ್ತು. ಅಕ್ಕನ ಕುತ್ತಿಗೆ ಮಾತ್ರ ಫೋಟೋದಲ್ಲಿ ಇರಲೇ ಇಲ್ಲ, ಸೆರಗು ಗಲ್ಲದವರೆಗೆ ಬಂದಿತ್ತು.

"ನಿಮ್ಮದು ಕಾಣುವುದೇ ಇಲ್ಲವಲ್ಲ ಅಕ್ಕ?"

"ಅದೇ ಅಲ್ವಾ ಸಂಕಟ! ಹಾಗೆ ಹೊದ್ದು ನಿಂತದ್ದು ಕಂಡು ಅವರು ಎಲ್ಲರೆದುರು ಕೇಳಿದರು ಮಾರಾಯ್ತಿ, ‘ನಿಮಗೆ ಜ್ವರ ಉಂಟಾ?’ ಅಂತ. ಮದುವೆ ದಿನ ಸೆರಗು ಹೊದೆಯದೆ ಅವರ ಪಕ್ಕ ನಿಲ್ಲಬೇಕು. ನನಗೆ ಬೇರೆ ಎಂತದೂ ಬೇಡ."

ಅಕ್ಕನ ಕಣ್ಣಲ್ಲಿ ನೀರಿತ್ತು. ನನಗೆ ಪಾಪ ಅನ್ನಿಸಿತು. ಆಗಲಿ ಅಕ್ಕ, ಮಾಡುವ ಎಂದೆ.

"ಆದರೆ ಮನೆಯಲ್ಲಿ ಯಾರಿಗೂ ಗೊತ್ತಾಗಬಾರದು. ಕುತ್ತಿಗೆ ನೋವು ಅಂತ ಹೇಳಿದ್ದೇನೆ."

"ಯಾವ ಕಡೆ ನೋವು ಅಂತ ಹೇಳಿದ್ದೀರಿ?"

"ಎರಡೂ ಕಡೆ. ಒಂದೇ ಕಡೆ ಹೇಳಿ ಆಮೇಲೆ ಯಾವ ಕಡೆ ಅಂತ ಮರೆತರೆ?"

ಪಟ್ಟಿ

ಸುಳ್ಳು ಹೇಳುವುದು ಸುಲಭ. ಅದನ್ನು ಪ್ರೀತಿಯ ಗಂಡನಿಗೆ ಹೇಳಿದರೆ ಕಷ್ಟ. ಯಜಮಾನರು ಅದೇ ಸಂಜೆ ಹೋಟೆಲಿನಿಂದ ಬರುವಾಗ ಕುತ್ತಿಗೆಗೆ ಕಟ್ಟುವ ದಪ್ಪ ಪಟ್ಟಿ ತಂದರು. ಹೋಟೆಲಿನ ಮುಖ್ಯ ಅಡುಗೆ ಭಟ್ಟರು ಊರಿನಿಂದ ತರಿಸಿದ ಎಣ್ಣೆ ಕಳಿಸಿದರು. ಅದರ ವಾಸನೆಗೆ ಮಗಳು ಗೆಳತಿಯ ಮನೆಗೆ ಹೋಗಿ ಕುಳಿತಳು. ಕೆಳಗಿನ ಮಾಳಿಗೆಯವರು ದಿಂಬಿಲ್ಲದೆ ಮಲಗಬೇಕೆಂದರು, ಎದುರು ಮನೆಯವರು ಎರಡು ದಿಂಬು ಇಡಬೇಕೆಂದರು.

ಕ್ಲಿನಿಕ್‌ನ ಬೋರ್ಡಿನಲ್ಲಿ ಸ್ಕಿನ್ ಎಂದು ಬರೆದದ್ದನ್ನು ಓದಿ, ಇದೆಂತ ನೋವಿನ ಡಾಕ್ಟರು ಎಂದು ಯಜಮಾನರು ಕೇಳಿದರಂತೆ. "ನೋವು ಇರುವುದು ಚರ್ಮದ ಒಳಗೇ ಅಲ್ವಾ?" ಎಂದು ಅಕ್ಕ ಬಾಯಿ ಮುಚ್ಚಿಸಿದರಂತೆ.

ಪಟ್ಟಿಯಿಂದ ಮಾತ್ರ ಪಾರಾಗಲು ಆಗಲಿಲ್ಲ. ಗಂಡ ಮನೆಯಲ್ಲಿರುವಷ್ಟು ಹೊತ್ತು ಕಟ್ಟಿಕೊಂಡೇ ಇರಬೇಕು. ಗಲ್ಲ ಮೇಲೆತ್ತಿ ದೋಸೆ ಹೊಯ್ಯಬೇಕು, ಗಲ್ಲ ಮೇಲೆತ್ತಿ ಟಿವಿ ನೋಡಬೇಕು. ಕೆಲವೇ ದಿನದಲ್ಲಿ ಅಕ್ಕ ಕುತ್ತಿಗೆ ತಿರುಗಿಸಲಾಗದೆ ಇಡೀ ಮೈಯನ್ನೇ ತಿರುಗಿಸುತ್ತಾ ನನ್ನಲ್ಲಿಗೆ ಬಂದರು.

"ಈಗ ನಿಜವಾಗಿಯೂ ನೋವು ಶುರುವಾಗಿದೆ ಮಾರಾಯ್ತಿ. ಇದನ್ನು ಮನೆಯಲ್ಲಿ ಎಂತ ಅಂತ ಹೇಳಲಿ?"

ಅರಿಶಿನ ಕೊಂಬು

ಈ ಚಿಕಿತ್ಸೆಯಲ್ಲಿ ಒಂದೇ ಕಟ್ಟುನಿಟ್ಟು. ಕುತ್ತಿಗೆಯಲ್ಲಿ ಲೋಹ ಇರಬಾರದು, ಕಾದು ಚರ್ಮ ಸುಟ್ಟೀತು. ಮೊದಲ ಸಲ ಮಲಗಿಸಿ, ಕರಿಮಣಿ ತೆಗೆಯಿರಿ ಎಂದೆ. ನಾನು ಕಿಡ್ನಿಯನ್ನೇ ಕೇಳಿದೆನೇನೋ ಎಂಬ ಹಾಗೆ ಅಕ್ಕ ನನ್ನನ್ನು ನೋಡಿದರು.

"ಕಟ್ಟಿದ ಮೇಲೆ ಒಂದು ದಿನ ತೆಗೆದಿಲ್ಲ ನಾನು. ಅದರ ಸುತ್ತಲೂ ಮಾಡು."

ಸುತ್ತಲೂ ಮಾಡಲು ಅದೇನು ರಂಗೋಲಿಯೇ? ಕೊನೆಗೆ ನಾನೇ ದಾರಿ ಹೇಳಿಕೊಟ್ಟೆ. ಕರಿಮಣಿ ಪೋಣಿಸಲು ಕೊಟ್ಟಾಗ ನಮ್ಮ ಕಡೆ ದಾರಕ್ಕೆ ಅರಿಶಿನದ ಕೊಂಬು ಕಟ್ಟಿ ಹಾಕಿಕೊಳ್ಳುವುದುಂಟಲ್ಲ, ಹಾಗೆ ಮಾಡಿ ಎಂದೆ. ದಾರ ಲೋಹವಲ್ಲ, ಅರಿಶಿನವೂ ಲೋಹವಲ್ಲ. ಅಕ್ಕ ಮರುದಿನ ಹಾಗೆಯೇ ಬಂದರು. ಕರಿಮಣಿ ಪರ್ಸಿನಲ್ಲಿ, ಪರ್ಸು ಹೊಟ್ಟೆಯ ಮೇಲೆ, ಪರ್ಸಿನ ಮೇಲೆ ಎರಡೂ ಕೈ.

ಜೆಲ್ ಹಚ್ಚಿದೆ. "ಇದು ಬಸುರಿಯರ ಹೊಟ್ಟೆಗೆ ಹಚ್ಚುವುದಲ್ವಾ?" ಎಂದರು. ಆ ಜಾತಿಯದ್ದೇ, ಸುಮ್ಮನೆ ಮಲಗಿ ಎಂದೆ. ಮಲಗಿದಲ್ಲಿಂದಲೇ ಮೆಷಿನ್ನಿನ ಪರದೆಯತ್ತ ಕಣ್ಣು ಹಾಯಿಸಿ, "ಒಳಗೆ ಎಲ್ಲ ಸರಿ ಉಂಟಾ?" ಎಂದು ಕೇಳಿದರು.

ಒಳಗೆ ಸರಿಯೇ ಇತ್ತು, ಹೊರಗೆ ಇರಲಿಲ್ಲ. ಜೆಲ್ಲಿನಲ್ಲಿ ನೆನೆದ ಅರಿಶಿನ ಬಿಸಿಗೆ ಚೆನ್ನಾಗಿ ಬಣ್ಣ ಬಿಟ್ಟಿತು. ಹಿಡಿಕೆ ಹೋದಲ್ಲೆಲ್ಲ ಹಳದಿ ಹರಡಿತು. ಆ ಹೊತ್ತಿಗೆ ಡಾಕ್ಟರು ಒಳಗೆ ಬಂದು, ಅಕ್ಕನನ್ನು ನೋಡಿ, "ಹೇ ಕಾಯ್ ಝಾಲಂ?" ಎಂದು ಕಿರುಚಿದರು, ಇದೇನಾಯಿತು ಎಂದು. ಚರ್ಮಕ್ಕೆ ಏನೋ ಅನಾಹುತವಾಯಿತೆಂದು ಅವರ ಮುಖವೇ ಬಿಳಿಚಿತ್ತು. ಒಬ್ಬರು ಹಳದಿ, ಒಬ್ಬರು ಬಿಳಿ, ನಡುವೆ ನಾನು.

ಅಂದಿನಿಂದ ಅರಿಶಿನಕ್ಕೂ ನಿಷೇಧ. ಅಕ್ಕನಿಗೆ ಬೇಸರವೇನೂ ಆಗಲಿಲ್ಲ. ಕನ್ನಡಿ ನೋಡಿ, "ಸುಕ್ಕು ಹೋಗದಿದ್ದರೂ ಅಡ್ಡಿಯಿಲ್ಲ, ಬಣ್ಣ ಚಂದ ಬಂತು" ಎಂದು ಎದ್ದು ಹೋದರು.

ಎಡಗಡೆ ಮಾತ್ರ

ನಡುವೆ ಇನ್ನೊಬ್ಬರ ಸುದ್ದಿ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಗಂಡಸರು ಬರುವುದಿಲ್ಲವೆಂದು ನೀವು ತಿಳಿದೀರಿ. ಕುರ್ಲಾದ ಕಟ್ಟಡ ಕಂಟ್ರಾಕ್ಟರರು ಒಬ್ಬರು, ಕಲಬುರಗಿ ಕಡೆಯವರು, ಬಂದು ಕುಳಿತು ಕುತ್ತಿಗೆಯ ಎಡಭಾಗ ತೋರಿಸಿದರು.

"ಅಕ್ಕಾರ, ಇದೊಂದ ಬಾಜೂ ಬಿಗಿ ಮಾಡಿಕೊಡ್ರಿ."

"ಬಲಗಡೆ ಬೇಡವೇ?"

"ಬಲಗಡಿ ಯಾರು ನೋಡ್ತಾರ್ರಿ? ನಮ್ಮ ಸಂಘದ ಬ್ಯಾನರ್‌ದಾಗ ನಾ ಯಾವತ್ತೂ ಹಿಂಗ ತಿರುಗಿ ಕೈಮುಗಿದು ನಿಂತಿರ್ತೀನಿ."

ಹೀಗೆ ಅರ್ಧ ಕುತ್ತಿಗೆ ಮಾಡಲು ಬರುವುದಿಲ್ಲ ಎಂದು ಡಾಕ್ಟರು ಹೇಳಿ ಸಾಕಾದರು. ಕಂಟ್ರಾಕ್ಟರರೇ ಕೊನೆಗೆ ಎದ್ದು ನಿಂತು ನನಗೆ ಸಮಾಧಾನ ಹೇಳಿದರು. "ಇರಲಿ ಬಿಡ್ರಿ. ಈ ವರ್ಷ ನಮ್ಮ ಅಧ್ಯಕ್ಷರನ್ನ ಎಡಕ್ಕ ನಿಲ್ಲಿಸಿ, ಅವರ ಹೆಗಲ ಹಿಂದ ಮುಚ್ಚಿಕೋತೀನಿ."

ಯಜಮಾನರ ಕೊರಳು

ಅಕ್ಕನ ಕರಿಮಣಿಗೆ ಈಗ ಬೇರೆ ದಾರಿ ಬೇಕಾಯಿತು. ಅಕ್ಕನೇ ಹುಡುಕಿದರು. "ಕಟ್ಟಿದವರ ಕೈಯಲ್ಲೇ ಇದ್ದರೆ ದೋಷ ಇಲ್ಲ ಅಲ್ವಾ?" ಹಾಗಾಗಿ ಯಾರಿಗೆ ಗೊತ್ತಾಗಬಾರದೋ ಅವರನ್ನೇ ಪ್ರತಿ ಸಲ ಜೊತೆಗೆ ಕರೆತಂದು ಹೊರಗೆ ಕೂರಿಸುವುದೆಂದು ತೀರ್ಮಾನವಾಯಿತು. ನೋವಿಗೆ ಕೊಡುವ ಬಿಸಿಗೆ ಲೋಹ ಆಗುವುದಿಲ್ಲವಂತೆ ಎಂದು ಅಕ್ಕ ಹೇಳಿದರು. ಯಜಮಾನರು ನಂಬಿದರು, ಒಳ್ಳೆಯ ಮನುಷ್ಯ.

ಮೊದಲ ದಿನ ಮುಷ್ಟಿಯಲ್ಲಿ ಹಿಡಿದು ಕುಳಿತರು. ಆದರೆ ಹೋಟೆಲಿನವರಿಗೆ ಕೈ ಸುಮ್ಮನಿಡಲು ಬರುತ್ತದೆಯೇ? ಫೋನ್ ಬಂದರೆ ಆ ಕೈಯಿಂದ ಈ ಕೈಗೆ, ಚಹಾ ಬಂದರೆ ಮಡಿಲಿಗೆ. ಒಮ್ಮೆ ಚಟ್ನಿಗೆ ಉಪ್ಪು ಕಡಿಮೆಯೆಂದು ಫೋನಿನಲ್ಲಿ ಬಯ್ಯುತ್ತಾ ಕೈ ಬೀಸಿದ್ದಕ್ಕೆ ಕರಿಮಣಿ ಹಾರಿ ಪಕ್ಕದಲ್ಲಿದ್ದ ಮೀನಿನ ಗಾಜಿನ ತೊಟ್ಟಿಗೆ ಬಿತ್ತು. ಕೋಟಿನ ತೋಳು ಮೇಲಕ್ಕೆ ಮಡಚಿ ಅದನ್ನು ಎತ್ತಿಕೊಟ್ಟವಳು ನಾನು.

ಮುಂದಿನ ಸಲದಿಂದ ಯಜಮಾನರು ಅದನ್ನು ತಮ್ಮ ಕೊರಳಿಗೇ ಹಾಕಿಕೊಂಡು, ಬನಿಯನ್ನಿನ ಒಳಗೆ ಬಿಟ್ಟು, ಅಂಗಿಯ ಮೇಲಿನ ಗುಂಡಿ ಹಾಕಿ ಕೂರತೊಡಗಿದರು. ಒಂದು ದಿನ ನನ್ನನ್ನು ಹತ್ತಿರ ಕರೆದು ಬಹಳ ಮರುಕದಿಂದ ಹೇಳಿದರು:

"ಇದು ಇಷ್ಟು ಭಾರ ಅಂತ ನನಗೆ ಗೊತ್ತೇ ಇರಲಿಲ್ಲ ಮಾರಾಯ್ತಿ. ಅವಳಿಗೆ ಕುತ್ತಿಗೆ ನೋವು ಎಲ್ಲಿಂದ ಬಂತು ಅಂತ ಈಗ ಗೊತ್ತಾಯ್ತು."

ಅಂಗಿ ತೆಗೆಯಿರಿ

ಮದುವೆಗೆ ಮೊದಲು ಅಕ್ಕನ ಮನೆಯಲ್ಲಿ ಸತ್ಯನಾರಾಯಣ ಪೂಜೆ. ಬೀಗರು ಅಂಧೇರಿಯಿಂದ ಬರುವವರು. ಅಷ್ಟರಲ್ಲಿ ಅಕ್ಕನ ಕುತ್ತಿಗೆ, ಡಾಕ್ಟರು ಹೇಳಿದ ಹಾಗೆಯೇ, ಸ್ವಲ್ಪ ಬಿಗಿಯಾಗಿತ್ತು. ಆ ಸ್ವಲ್ಪದಲ್ಲೇ ಅಕ್ಕ ಹಿಗ್ಗಿ ಹೋಗಿದ್ದರು. ಬೀಗಿತ್ತಿಯ ಎದುರು ಸೆರಗಿಲ್ಲದೆ ನಿಲ್ಲುವುದರ ರಿಹರ್ಸಲ್ ಅಂದೇ ಆಗಬೇಕೆಂದು ಹಟ. ಪೂಜೆ ಸಂಜೆಗೆ, ಕೊನೆಯ ಸಿಟ್ಟಿಂಗ್ ಬೆಳಿಗ್ಗೆ.

ಮೆಷಿನ್ ಮುಗಿಸಿ ಅಕ್ಕ ಹೊರಗೆ ಬಂದು ನೋಡಿದರೆ ಕುರ್ಚಿ ಖಾಲಿ. ಹೋಟೆಲಿನಲ್ಲಿ ಗ್ರೈಂಡರ್ ಕೆಟ್ಟಿತೆಂದು ಫೋನ್ ಬಂದು ಯಜಮಾನರು ಲೋಕಲ್ ರೈಲು ಹಿಡಿದು ಫೋರ್ಟ್‌ಗೆ ಓಡಿದ್ದರು, ಕೊರಳಲ್ಲಿದ್ದದ್ದರ ಸಮೇತ. ಅಕ್ಕ ಫೋನ್ ಮಾಡಿದರು, ಮತ್ತೆ ಮಾಡಿದರು. ಗ್ರೈಂಡರ್ ರಿಪೇರಿಯಲ್ಲಿ ಮುಳುಗಿದವರಿಗೆ ಫೋನ್ ಎಲ್ಲಿ ಕೇಳುತ್ತದೆ?

ಸಂಜೆ ನಾನು ಹೋದಾಗ ಅಕ್ಕ ಮತ್ತೆ ಅರಿಶಿನ ಕೊಂಬು ಕಟ್ಟಿಕೊಂಡಿದ್ದರು. ಅದನ್ನು ಕಂಡು ಕರಿಮಣಿ ಎಲ್ಲೆಂದು ಯಾರೂ ಕೇಳಬಾರದೆಂದು ಸೆರಗು ಗಲ್ಲದವರೆಗೆ ಬಂದಿತ್ತು. ಯಾವ ಕುತ್ತಿಗೆಯನ್ನು ತೋರಿಸಲು ಇಷ್ಟೆಲ್ಲ ಮಾಡಿದ್ದೋ ಅದೇ ಮತ್ತೆ ಒಳಗೆ. ಪಕ್ಕದಲ್ಲಿ ಬೀಗಿತ್ತಿ, ಇಸ್ತ್ರಿಯ ಕುತ್ತಿಗೆ ಎತ್ತಿಕೊಂಡು ಕುಳಿತು, ಮೆಲ್ಲಗೆ ಕೇಳಿದರು.

"ಇವತ್ತೂ ಜ್ವರವಾ?"

ಅಕ್ಕನ ಮುಖ ನೋಡಲಾಗಲಿಲ್ಲ. ಸಮಾಧಾನ ಹೇಳೋಣವೆಂದರೆ ನನಗೆ ಪುರುಸೊತ್ತಿಲ್ಲ. ನಾನು ನೋವಿನ ಚಿಕಿತ್ಸೆಯವಳೆಂದು ಅಕ್ಕ ಎಲ್ಲರಿಗೂ ಹೇಳಿಟ್ಟಿದ್ದರಿಂದ ಬಂದವರೆಲ್ಲ ಒಬ್ಬೊಬ್ಬರಾಗಿ ನನಗೆ ಮೊಣಕಾಲು ತೋರಿಸುತ್ತಿದ್ದರು.

ಪುರೋಹಿತರು ಗಡಿಯಾರ ನೋಡುತ್ತಿರುವಾಗ ಯಜಮಾನರು ಬೆವರು ಸುರಿಸುತ್ತಾ ಬಂದರು. ಅಕ್ಕ ಬಾಗಿಲಲ್ಲೇ ತಡೆದು, ನೆಂಟರೆದುರು ಬಾಯಿಬಿಡುವಂತಿಲ್ಲವೆಂದು, ತಮ್ಮ ಕುತ್ತಿಗೆ ಮುಟ್ಟಿ ಮುಟ್ಟಿ ಕಣ್ಣಲ್ಲೇ ಸನ್ನೆ ಮಾಡಿದರು. ಯಜಮಾನರಿಗೆ ತಕ್ಷಣ ಅರ್ಥವಾಯಿತು. ಒಳಗೆ ಓಡಿ ಕುತ್ತಿಗೆ ಪಟ್ಟಿ ತಂದು ಕೈಗೆ ಕೊಟ್ಟು, "ಜಾಸ್ತಿ ಉಂಟಾ?" ಎಂದರು.

"ಬನ್ನಿ ಬನ್ನಿ, ಹೊತ್ತಾಯ್ತು" ಎಂದರು ಪುರೋಹಿತರು. "ಅಂಗಿ ಬನಿಯನ್ ತೆಗೆಯಿರಿ, ಶಲ್ಯ ಹೊದೆಯಿರಿ."

ಯಜಮಾನರು ಪ್ಯಾಂಟಿನ ಮೇಲೆಯೇ ಪಂಚೆ ಸುತ್ತಿ, ಅಂಗಿಯನ್ನೂ ಬನಿಯನ್ನನ್ನೂ ಒಟ್ಟಿಗೇ ತಲೆಯ ಮೇಲಿಂದ ಎಳೆದರು. ಅಕ್ಕ ಕಣ್ಣು ಮುಚ್ಚಿಕೊಂಡರು.

ಎರಡೂ ಕಡೆಯ ನೆಂಟರ ಎದುರು, ಕಲಶದ ಮುಂದೆ, ನೆರೆತ ಎದೆಗೂದಲಿನ ಮೇಲೆ, ಅಕ್ಕನ ಕರಿಮಣಿ ದೀಪದ ಬೆಳಕಿಗೆ ಹೊಳೆಯಿತು.

ಪುರೋಹಿತರ ಕೈಯ ಹೂವು ಅಲ್ಲೇ ನಿಂತಿತು. ಬೀಗಿತ್ತಿ ಯಜಮಾನರ ಕೊರಳು ನೋಡಿದರು, ಅಕ್ಕನ ಸೆರಗು ನೋಡಿದರು, ಹುಬ್ಬು ಏರಿಸಿದರು. ಇನ್ನು ಇವರು ಇದನ್ನು ಅಂಧೇರಿಯಿಡೀ ಹೇಳಿಕೊಂಡು ಬರುತ್ತಾರೆಂದು ನನಗೆ ಖಾತ್ರಿಯಾಯಿತು.

ಯಜಮಾನರು ಮಾತ್ರ ಸಲೀಸಾಗಿ ಕರಿಮಣಿ ಬಿಚ್ಚುತ್ತಾ ಹೇಳಿದರು: "ಬೇರೆಂತ ಇಲ್ಲ ಮಾರಾಯ್ರೆ. ಇವಳಿಗೆ ಕುತ್ತಿಗೆ ನೋವು. ಜೆಲ್ ಹಚ್ಚಿ ಮೆಷಿನ್ನಿನಲ್ಲಿ ಬಿಸಿ ಕೊಡುತ್ತಾರೆ, ಲೋಹ ಇರಬಾರದು. ಅಷ್ಟು ಹೊತ್ತು ನಾನು ಹಾಕಿಕೊಂಡಿರುವುದು."

ಹಿಂದಿನ ಸಾಲಿನಿಂದ ಬೀಗರು, ವರನ ತಂದೆ, ಬಹಳ ಸಂತೋಷದಿಂದ ತೊಡೆ ತಟ್ಟಿದರು.

"ಓ, ಆ ಕುತ್ತಿಗೆ ಮೆಷಿನ್ನಾ! ನಮ್ಮವಳಿಗೂ ಅದೇ ನೋವು, ಅದೇ ಮೆಷಿನ್! ಆದರೆ ನೀವು ಕೊರಳಿಗೆ ಯಾಕೆ ಹಾಕಿಕೊಂಡ್ರಿ? ನಾನು ಕನ್ನಡಕದ ಡಬ್ಬಿಯಲ್ಲಿ ಇಟ್ಟುಕೊಳ್ತೇನೆ."

ಅಲ್ಲಿದ್ದ ಹೆಂಗಸರೆಲ್ಲರ ತಲೆ ಒಟ್ಟಿಗೆ ಬೀಗಿತ್ತಿಯ ಕಡೆ ತಿರುಗಿತು. ಬೀಗಿತ್ತಿಯ ಕೈ ತಾನಾಗಿಯೇ ಮೇಲೆ ಹೋಗಿ ಸೆರಗನ್ನು ಗಲ್ಲದವರೆಗೆ ಎಳೆದುಕೊಂಡಿತು.

ಅಕ್ಕ ನಿಧಾನವಾಗಿ ಕಣ್ಣು ಬಿಟ್ಟರು. ಅರಿಶಿನ ಕೊಂಬು ಕಂಡರೆ ಕಾಣಲಿ ಎಂದು ಸೆರಗು ಕೆಳಗಿಳಿಸಿದರು. ಬೆಳಗಿನ ಬಿಸಿಗೆ ಇನ್ನೂ ತುಸು ಕೆಂಪಗಿದ್ದ ಕುತ್ತಿಗೆ ಎತ್ತಿ, ಬೀಗಿತ್ತಿಯ ಕಡೆ ಬಾಗಿ, ಅಕ್ಕರೆಯಿಂದ ಕೇಳಿದರು.

"ಜ್ವರ ಉಂಟಾ?"

ಬೀಗಿತ್ತಿಗೆ ನಗು ತಡೆಯಲಾಗಲಿಲ್ಲ. ಅವರು ನಕ್ಕದ್ದೇ ಹೆಂಗಸರೆಲ್ಲ ಹೊಟ್ಟೆ ಹಿಡಿದುಕೊಂಡರು. ಏನಾಯಿತೆಂದು ತಿಳಿಯದೆ ಇಬ್ಬರು ಬೀಗರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಪುರೋಹಿತರೊಬ್ಬರೇ ನಗದೆ, ಕರಿಮಣಿಯನ್ನು ಮೊದಲು ಅದರ ಜಾಗಕ್ಕೆ ಕಟ್ಟಿಸಿ, ಅಕ್ಷತೆ ಹಾಕಿ, ಆಮೇಲೆ ನನ್ನ ಕಡೆ ತಿರುಗಿದರು.

"ನಮ್ಮ ಮನೆಯಾಕೆಗೂ ಕುತ್ತಿಗೆ ನೋವಮ್ಮ. ಆದರೆ ಅವಳದ್ದು ನಿಜವಾದ ನೋವು. ಅದಕ್ಕೆ ಏನಾದರೂ ಉಂಟಾ?"